ಪಾಲಿನ ಗವಿ ಮುಚ್ಚಿಸಿದ ಮುಳ್ಳುಹಂದಿ

ಕರೇಕಲ್ಲು ಗುಡ್ಡವನ್ನು ನೀವು ನೋಡಿಲ್ಲ ಮಕ್ಕಳೇ. ದೂರದಿಂದ ನೋಡಿದರೆ ಅದು ಬರೀ ಬಂಡೆ. ಹತ್ತಿರ ಹೋದರೆ ಮಾತ್ರ ಆ ಬಂಡೆಗಳ ನಡುವೆ ಎಷ್ಟೊಂದು ಸಂಸಾರಗಳಿವೆ ಎಂದು ತಿಳಿಯುತ್ತದೆ. ಕಾರೆ ಗಿಡಗಳ ಬುಡದಲ್ಲಿ ಮೊಲಗಳು, ಎಲಚಿ ಪೊದೆಯಲ್ಲಿ ಗೌಜಲಹಕ್ಕಿಗಳು, ಹಳೆಯ ಹುತ್ತಗಳ ಪಕ್ಕ ಮುಂಗುಸಿಗಳು, ನೆತ್ತಿಯ ಮೇಲಿನ ದೊಡ್ಡ ಗುಹೆಯಲ್ಲಿ ಕರಡಿ. ಗುಡ್ಡದ ಕೆಳಗಿನ ಕೆಮ್ಮಣ್ಣಿನ ಇಳಿಜಾರಿನಲ್ಲಿ, ಒಂದು ಚಪ್ಪಟೆ ಬಂಡೆಯ ಅಡಿಯಲ್ಲಿ, ಮುಳ್ಳುಹಂದಿ ತಿಪ್ಪಯ್ಯನ ಬಿಲ. ಈ ಕತೆ ಅವನದು.

ಆ ಗುಡ್ಡದಲ್ಲಿ ಮಳೆಗಾಲ ಚಿಕ್ಕದು, ಬೇಸಿಗೆ ಉದ್ದ. ಮಳೆ ಬಿದ್ದ ನಾಲ್ಕು ತಿಂಗಳು ಯಾರಿಗೂ ಯಾವುದಕ್ಕೂ ಕೊರತೆ ಇರುತ್ತಿರಲಿಲ್ಲ. ಚಳಿ ಕಳೆದು ಬಿಸಿಲು ಏರಿತೆಂದರೆ ನೆಲ ಕಾದ ಹೆಂಚಿನಂತಾಗುತ್ತಿತ್ತು. ಆಗ ಕೂಡಿಟ್ಟದ್ದನ್ನೇ ತಿನ್ನಬೇಕು. ಬಲವಿದ್ದವರು ತುಂಬಾ ಕೂಡಿಟ್ಟಿರುತ್ತಿದ್ದರು. ಮುದುಕರು, ಕುಂಟರು, ಬಸುರಿಯರು, ಚಿಕ್ಕ ಮರಿಗಳ ತಾಯಂದಿರು ಎಷ್ಟು ತಾನೇ ಕೂಡಿಟ್ಟಾರು?

ಅದಕ್ಕೇ ಅಲ್ಲಿನ ಹಿರಿಯರು ಎಂದೋ ಒಂದು ಏರ್ಪಾಡು ಮಾಡಿದ್ದರು. ಗುಡ್ಡದ ನಡುಮಧ್ಯದಲ್ಲಿ ತಂಪಾದ ಒಂದು ಗವಿ ಇತ್ತು. ಅದಕ್ಕೆ ಪಾಲಿನ ಗವಿ ಎಂದು ಹೆಸರು. ಸುಗ್ಗಿ ಮುಗಿದ ಮೇಲೆ ಪ್ರತಿಯೊಬ್ಬರೂ ತಾವು ಕೂಡಿಸಿದ್ದರಲ್ಲಿ ಒಂದು ಪಾಲನ್ನು ಅಲ್ಲಿಗೆ ತಂದು ಹಾಕಬೇಕು. ಹತ್ತು ಗೆಡ್ಡೆ ಅಗೆದವರು ಒಂದು ಗೆಡ್ಡೆ ತರಬೇಕು. ನೂರು ಕೂಡಿಸಿದವರು ಮೂವತ್ತು ತರಬೇಕು. ಏನೂ ಇಲ್ಲದವರು ಬರಿಗೈಯಲ್ಲಿ ಬಂದು ಕೂತು ಹೋದರೂ ಯಾರೂ ಕೇಳುತ್ತಿರಲಿಲ್ಲ. ಬೇಸಿಗೆಯಲ್ಲಿ ಗವಿಯ ಬಾಗಿಲು ತೆರೆಯುತ್ತಿತ್ತು. ಹಸಿದವರಿಗೆ ದಿನಕ್ಕೆ ಒಂದು ಹಿಡಿ. ಮರಿ ಇದ್ದವರಿಗೆ ಎರಡು ಹಿಡಿ. ಅದನ್ನು ಹಂಚುತ್ತಿದ್ದವನು ಮುದಿ ಆಮೆ ಸಿದ್ದಜ್ಜ.

ಈ ಪಾಲಿನಿಂದ ಯಾರೂ ಸಿರಿವಂತರಾಗಿರಲಿಲ್ಲ. ಕೊಟ್ಟ ಮೇಲೂ ಕರಡಿಯೇ ಗುಡ್ಡದಲ್ಲಿ ಎಲ್ಲರಿಗಿಂತ ದಪ್ಪ, ತಗೊಂಡ ಮೇಲೂ ಗೌಜಲಹಕ್ಕಿಯ ಎದೆಯ ಮೂಳೆ ಎದ್ದು ಕಾಣುತ್ತಿತ್ತು. ಆದರೆ ಮೊದಲ ಮಳೆ ಬೀಳುವ ದಿನ ಎಲ್ಲರೂ ಬದುಕಿರುತ್ತಿದ್ದರು. ಅಷ್ಟೇ. ಅದೇನು ಸಣ್ಣ ಮಾತಲ್ಲ ಎಂದು ತಿಪ್ಪಯ್ಯನಿಗೆ ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿತ್ತು.

ತಿಪ್ಪಯ್ಯ ಕೆಟ್ಟವನಲ್ಲ. ದುಡಿಮೆಗಾರ. ಕೆಮ್ಮಣ್ಣಿನ ಇಳಿಜಾರಿನಲ್ಲಿ ಅವನಷ್ಟು ಆಳಕ್ಕೆ ಅಗೆಯುವವರು ಇರಲಿಲ್ಲ. ಹೊತ್ತು ಇಳಿಯುತ್ತಲೇ ಕೆಲಸಕ್ಕೆ ನಿಂತರೆ, ಕಾಡುಗೆಣಸಿನ ಬಳ್ಳಿ ಎಲ್ಲಿ ಮಣ್ಣಿಗಿಳಿದಿದೆ ಎಂದು ಮೂಸಿಯೇ ಹೇಳುತ್ತಿದ್ದ. ಹೆಂಡತಿ ಕಾಟವ್ವ ಮಣ್ಣು ಎಳೆಯುವಳು, ಎರಡು ಮರಿಗಳು ಗೆಡ್ಡೆ ಉರುಳಿಸುವವು. ಸುಗ್ಗಿ ಮುಗಿಯುವಾಗ ಬಿಲದೊಳಗೆ ನಲವತ್ತು ಗೆಡ್ಡೆಗಳು ಇರುತ್ತಿದ್ದವು. ಅದರಲ್ಲಿ ನಾಲ್ಕನ್ನು ಅವನು ಗವಿಗೆ ಒಯ್ಯುತ್ತಿದ್ದ. ಒಯ್ಯುವಾಗ ಮಾತ್ರ ಅವನ ಮುಳ್ಳುಗಳೆಲ್ಲ ಎದ್ದು ನಿಲ್ಲುತ್ತಿದ್ದವು.

ಏಕೆಂದರೆ ದಾರಿಯಲ್ಲಿ ಎಲಚಿ ಪೊದೆ ಸಿಗುತ್ತಿತ್ತು. ಅದರ ನೆರಳಿನಲ್ಲಿ ಗೌಜಲಹಕ್ಕಿ ಪಾಪಮ್ಮ ಐದು ಮರಿಗಳನ್ನು ರೆಕ್ಕೆಯ ಕೆಳಗೆ ಹಾಕಿಕೊಂಡು ಕೂತಿರುತ್ತಿದ್ದಳು. ಅವಳ ಗಂಡ ಹಿಂದಿನ ವರ್ಷವೇ ಸತ್ತಿದ್ದ. ಅವಳ ಎಡ ರೆಕ್ಕೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಹಾರಲು ಆಗುತ್ತಿರಲಿಲ್ಲ, ಬಲವಾಗಿ ಕೆದಕಲೂ ಆಗುತ್ತಿರಲಿಲ್ಲ. ಬೇಸಿಗೆ ಬಂದರೆ ಗವಿಯಿಂದ ದಿನಕ್ಕೆ ಎರಡು ಹಿಡಿ ಅವಳಿಗೆ.

ತಿಪ್ಪಯ್ಯನಿಗೆ ಕಾಣುತ್ತಿದ್ದದ್ದು ಆ ರೆಕ್ಕೆಯಲ್ಲ, ಆ ಎರಡು ಹಿಡಿ. ನಾನು ಉಗುರು ಸವೆಸಿ ಅಗೆದದ್ದನ್ನು ಇವಳು ನೆರಳಲ್ಲಿ ಕೂತು ತಿನ್ನುತ್ತಾಳೆ ಎಂದು ಅವನು ಮನೆಗೆ ಬಂದು ಗೊಣಗುವನು. ಪಾಪ, ಅವಳ ಕೈಲಿ ಇನ್ನೇನಾದೀತು ಎಂದು ಕಾಟವ್ವ ಅಂದರೆ, ಅವಳ ಮೇಲೂ ರೇಗುವನು. ಗುಡ್ಡದ ನೆತ್ತಿಯ ಮೇಲೆ ಯಾರ ಗುಹೆಯಲ್ಲಿ ಎಷ್ಟು ರಾಶಿ ಬಿದ್ದಿದೆ ಎಂದು ಅವನು ಒಮ್ಮೆಯೂ ತಲೆ ಎತ್ತಿ ನೋಡಿದವನಲ್ಲ. ಎಲಚಿ ಪೊದೆ ದಾರಿಯಲ್ಲೇ ಇತ್ತು, ನೆತ್ತಿ ದೂರವಿತ್ತು.

ಹೀಗಿರುವಾಗ ಒಂದು ವರ್ಷ ಗುಡ್ಡದ ಹಿಂಬದಿಯ ಬಿದಿರಮೆಳೆಗಳೆಲ್ಲ ಹೂ ಬಿಟ್ಟವು. ಬಿದಿರು ಹೂ ಬಿಡುವುದು ಒಂದು ತಲೆಮಾರಿಗೆ ಒಮ್ಮೆ. ಹೂ ಬಿಟ್ಟರೆ ನೆಲದ ತುಂಬಾ ಬಿದಿರಕ್ಕಿ ಸುರಿಯುತ್ತದೆ. ಆ ಹಿಂಬದಿ ಕರಡಿ ಭರಮಪ್ಪನ ಜಾಗ. ಹಿಪ್ಪೆಯ ತೋಪು, ಜೇನು ಕಟ್ಟುವ ಕೋಡುಗಲ್ಲು, ಬಿದಿರಮೆಳೆ, ಎಲ್ಲವೂ ಅವನದೇ. ಆ ವರ್ಷ ಅವನ ಗುಹೆ ತುಂಬಿ ಬಿದಿರಕ್ಕಿ ಹೊರಗೆ ಚೆಲ್ಲಿತು. ಅಷ್ಟು ಕೂಡಿಸಿದವನು ಗವಿಗೆ ಎಷ್ಟು ಒಯ್ಯಬೇಕು ಎಂಬುದು ಅವನಿಗೂ ಗೊತ್ತಿತ್ತು.

ಸುಗ್ಗಿ ಮುಗಿಯಲು ವಾರವಿರುವಾಗ ಭರಮಪ್ಪ ತಿಪ್ಪಯ್ಯನ ಬಿಲದ ಮುಂದೆ ಬಂದು ಕೂತ. ಹಿಂದೆ ಎಂದೂ ಬಂದವನಲ್ಲ. ತಿಪ್ಪಯ್ಯ ಗಡಬಡಿಸಿ ಹೊರಬಂದು, ಬಂಡೆಯ ಮೇಲಿನ ಧೂಳು ಒರೆಸಿ, ಇರುವುದರಲ್ಲಿ ದಪ್ಪ ಗೆಡ್ಡೆ ತಂದು ಮುಂದಿಟ್ಟ. ಕರಡಿ ಅದನ್ನು ಮುಟ್ಟಲಿಲ್ಲ. ಇಳಿಜಾರನ್ನು ನೋಡಿ, ಇಷ್ಟನ್ನೂ ನೀನೊಬ್ಬನೇ ಅಗೆದೆಯಾ ಎಂದು ಕೇಳಿದ. ಹೌದೆಂದ ತಿಪ್ಪಯ್ಯ. ಕರಡಿ ತುಂಬಾ ಹೊತ್ತು ತಲೆಯಾಡಿಸಿದ. ಈ ಗುಡ್ಡ ನಿಂತಿರುವುದೇ ನಿನ್ನಂಥವರಿಂದ ಎಂದ. ಆದರೆ ನಿನ್ನ ಮರಿಗಳ ಬಾಯಿಂದ ಕಿತ್ತು ಇನ್ನೊಬ್ಬರ ಮರಿಗಳಿಗೆ ಕೊಡುತ್ತಾರಲ್ಲ, ಅದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ ಎಂದ. ತನ್ನ ಬಿದಿರಕ್ಕಿಯ ಮಾತನ್ನೇ ಎತ್ತಲಿಲ್ಲ.

"ಇದನ್ನು ನಾನು ಹೇಳಿದರೆ ಕರಡಿ ಜಿಪುಣ ಅನ್ನುತ್ತಾರೆ," ಎಂದ ಭರಮಪ್ಪ ಏಳುವಾಗ. "ನೀನು ಹೇಳಿದರೆ ಕೇಳುತ್ತಾರೆ. ನೀನು ಬೆವರು ಸುರಿಸಿ ತಿನ್ನುವವನು."

ಅಂದು ತಿಪ್ಪಯ್ಯನಿಗೆ ಹೊಟ್ಟೆಗೆ ಏನೂ ಬೇಡವಾಯಿತು. ದೊಡ್ಡವರು ತನ್ನ ಬಾಗಿಲಿಗೆ ಬಂದು, ತನ್ನನ್ನು ತಮ್ಮ ಸಮಕ್ಕೆ ಕೂರಿಸಿಕೊಂಡು ಮಾತಾಡಿದರು ಎಂಬುದೇ ಅವನ ಹೊಟ್ಟೆ ತುಂಬಿಸಿತ್ತು.

ಬಸರಿ ಮರದ ಕೆಳಗೆ ಗುಡ್ಡದವರೆಲ್ಲ ಸೇರಿದ ದಿನ, ತಿಪ್ಪಯ್ಯ ನಾಲ್ಕು ಗೆಡ್ಡೆಗಳನ್ನು ಸಭೆಯ ನಡುವೆ ಇಟ್ಟು ನಿಂತ. ಇವನ್ನು ಅಗೆಯಲು ನನಗೆ ಎಷ್ಟು ದಿನ ಹಿಡಿಯಿತು ಎಂದು ಕೇಳಿದ. ಕೈಯ ಉಗುರುಗಳನ್ನು ಎತ್ತಿ ತೋರಿಸಿದ. ದುಡಿಯುವವನು ದುಡಿಯುತ್ತಲೇ ಇದ್ದು, ಕೂತವರು ಕೂತೇ ತಿಂದರೆ ನಾಳೆ ಯಾರು ದುಡಿಯುತ್ತಾರೆ ಎಂದು ಕೇಳಿದ. ಗವಿಯ ಪಾಲು ನಿಲ್ಲಲಿ, ಅವರವರು ಅಗೆದದ್ದು ಅವರವರಿಗೇ ಇರಲಿ ಎಂದ. ಹೆಸರು ಹೇಳಲಿಲ್ಲ. ಆದರೆ ಎಲ್ಲರೂ ಪಾಪಮ್ಮನತ್ತ ತಿರುಗಿ ನೋಡಿದರು. ಅವಳು ಮರಿಗಳನ್ನು ಇನ್ನಷ್ಟು ಒಳಕ್ಕೆ ಎಳೆದುಕೊಂಡಳು.

ಸಿದ್ದಜ್ಜ ನಿಧಾನವಾಗಿ ಕತ್ತು ಹೊರಗೆ ಚಾಚಿದ. ಅವನು ಎಲ್ಲವನ್ನೂ ನಿಧಾನವಾಗಿಯೇ ಮಾಡುವವನು.

"ತಿಪ್ಪಯ್ಯ, ಕಾಟವ್ವ ಹೆತ್ತ ಬೇಸಿಗೆಯಲ್ಲಿ ನೀನು ಜ್ವರ ಬಂದು ಮಲಗಿದ್ದೆ. ಇಪ್ಪತ್ತೆಂಟು ದಿನ ಗವಿಯಿಂದ ನಿನ್ನ ಮನೆಗೆ ಎರಡು ಹಿಡಿ ಬಂತು. ನೆನಪಿದೆಯಾ?"

ತಿಪ್ಪಯ್ಯನ ಮುಖ ಬಿಸಿಯಾಯಿತು. ಅದು ಬೇರೆ ಮಾತು ಎಂದ. ಆಗ ತಾನು ಕಾಯಿಲೆ ಬಿದ್ದಿದ್ದೆ, ಅದಕ್ಕೆ ಮೊದಲೂ ಆಮೇಲೂ ತಾನು ಕೊಟ್ಟಿದ್ದೇನೆ, ತನ್ನದನ್ನೇ ತಾನು ತಿಂದದ್ದು ಎಂದ.

ಸಿದ್ದಜ್ಜ ಜಗಳಕ್ಕೆ ನಿಲ್ಲಲಿಲ್ಲ. ಸಭೆಗೆಲ್ಲ ಕೇಳುವಂತೆ ಒಂದೇ ಮಾತನ್ನು ಬಿಡಿಸಿ ಹೇಳಿದ. ಗವಿಯಲ್ಲಿ ನೂರು ಹಿಡಿ ಇದ್ದರೆ ಅದರಲ್ಲಿ ಅರವತ್ತು ನೆತ್ತಿಯಿಂದ ಬಂದದ್ದು. ಮುಳ್ಳುಹಂದಿ, ಮೊಲ, ಅಳಿಲು, ಮುಂಗುಸಿ ಎಲ್ಲ ಸೇರಿ ತರುವುದು ಉಳಿದ ನಲವತ್ತು. ಗವಿ ಮುಚ್ಚಿದರೆ ತಿಪ್ಪಯ್ಯನಿಗೆ ನಾಲ್ಕು ಗೆಡ್ಡೆ ಉಳಿಯುತ್ತದೆ. ಭರಮಪ್ಪನಿಗೆ ಒಂದು ಗವಿಯೇ ಉಳಿಯುತ್ತದೆ. ನಾಳೆ ಕಷ್ಟ ಬಂದಾಗ ನಾಲ್ಕು ಗೆಡ್ಡೆ ಎಷ್ಟು ದಿನ ಬರುತ್ತದೆ ಎಂದು ಒಮ್ಮೆ ಯೋಚಿಸಿ ಎಂದ.

ಭರಮಪ್ಪ ಅಂದು ಬಾಯೇ ಬಿಡಲಿಲ್ಲ. ಬಸರಿ ಮರಕ್ಕೆ ಬೆನ್ನು ಉಜ್ಜಿಕೊಳ್ಳುತ್ತಾ, ಕಣ್ಣು ಅರ್ಧ ಮುಚ್ಚಿಕೊಂಡು ನಿಂತಿದ್ದ.

ಪಾಲು ಬೇಕೆನ್ನುವವರು ಅಜ್ಜನ ಕಡೆ, ಬೇಡವೆನ್ನುವವರು ತಿಪ್ಪಯ್ಯನ ಕಡೆ ನಿಲ್ಲಬೇಕೆಂದು ತೀರ್ಮಾನವಾಯಿತು. ಅಳಿಲುಗಳು ತಿಪ್ಪಯ್ಯನ ಕಡೆ ಬಂದವು. ಮುಂಗುಸಿಗಳು ಬಂದವು. ಮೊಲ ಬೋರಯ್ಯ ಸ್ವಲ್ಪ ಹೊತ್ತು ಅತ್ತ ಇತ್ತ ನೋಡಿದ. ಅವನು ಪ್ರತಿ ಬೇಸಿಗೆಯಲ್ಲೂ ಗವಿಯಿಂದ ತಿಂದವನೇ. ಆದರೆ ತಾನು ಹಾಕುವ ಒಂದು ಹಿಡಿ ಹುಲ್ಲುಬೀಜ ಅವನ ಕಣ್ಣೆದುರು ಇತ್ತು, ತಿನ್ನಬೇಕಾದ ಬೇಸಿಗೆ ಇನ್ನೂ ದೂರವಿತ್ತು. ಅವನೂ ತಿಪ್ಪಯ್ಯನ ಪಕ್ಕಕ್ಕೆ ಬಂದು ನಿಂತ. ಅಜ್ಜನ ಕಡೆ ಉಳಿದವರು ಪಾಪಮ್ಮ, ಎರಡು ಮುದಿ ಮೊಲಗಳು, ಒಂದು ಕುರುಡು ಹೆಗ್ಗಣ. ಕಾಟವ್ವ ಯಾವ ಕಡೆಗೂ ಹೋಗದೆ ಮರಿಗಳನ್ನು ಕರೆದುಕೊಂಡು ಮನೆಗೆ ನಡೆದಳು.

ಹೀಗೆ ಪಾಲು ನಿಂತಿತು. ತಿಪ್ಪಯ್ಯ ನಾಲ್ಕು ಗೆಡ್ಡೆಗಳನ್ನು ಉರುಳಿಸಿಕೊಂಡು ವಾಪಸ್ ಬಂದ. ಆ ವಾರವೆಲ್ಲ ಮನೆಯಲ್ಲಿ ಹಬ್ಬದಂತಿತ್ತು. ಮರಿಗಳು ಹೊಟ್ಟೆ ತುಂಬಾ ತಿಂದವು. ಎದುರು ಸಿಕ್ಕಿದವರು ಅವನ ಮಾತನ್ನು ಹೊಗಳಿದರು. ಭರಮಪ್ಪ ಒಂದು ದಿನ ದಾರಿಯಲ್ಲಿ ನಿಂತು ಅವನನ್ನು ಹೆಸರು ಹಿಡಿದು ಮಾತಾಡಿಸಿದ. ತಿಪ್ಪಯ್ಯ ಅದನ್ನು ಮನೆಯಲ್ಲಿ ಮೂರು ಸಲ ಹೇಳಿದ.

ಚಳಿ ಕಳೆಯಿತು. ಕಾರೆ ಗಿಡಗಳ ಎಲೆ ಉದುರಿ ಮುಳ್ಳು ಮಾತ್ರ ಉಳಿಯಿತು. ಮೊದಲು ಕೈಖಾಲಿಯಾದದ್ದು ಮೊಲಗಳಿಗೆ. ಬೋರಯ್ಯ ಅಭ್ಯಾಸಬಲದಿಂದ ಗವಿಯ ಹತ್ತಿರ ಹೋಗಿ, ಅದು ಖಾಲಿ ಎಂದು ನೆನಪಾಗಿ, ಅಲ್ಲಿಂದ ನೆತ್ತಿಗೆ ಹತ್ತಿದ. ಭರಮಪ್ಪ ಇಲ್ಲವೆನ್ನಲಿಲ್ಲ. ಆದರೆ ಸುಮ್ಮನೆ ಕೊಡುವ ಪದ್ಧತಿ ನಿಂತುಹೋಗಿದೆಯಲ್ಲ ಎಂದ. ಬಿದಿರಕ್ಕಿ ಬೇಕಾದರೆ ಮೊಲಗಳು ತಲೆತಲಾಂತರದಿಂದ ಮೇಯುತ್ತಿದ್ದ ಹುಲ್ಲಿನ ಬಯಲನ್ನು ಬಿಟ್ಟುಕೊಡಬೇಕು. ಇನ್ನು ಮುಂದೆ ಅಲ್ಲಿ ಬೆಳೆದದ್ದು ಕರಡಿಯದು. ಮೊಲಗಳು ಬೀಜ ಕೂಡಿಸಿ ಮೇಲಕ್ಕೆ ಹೊತ್ತರೆ ದಿನಕ್ಕೆ ಒಂದು ಹಿಡಿ ಅವರಿಗೆ.

ಬೋರಯ್ಯ ಒಪ್ಪಿದ. ಒಪ್ಪದೆ ಏನು ಮಾಡುತ್ತಾನೆ? ಮನೆಯಲ್ಲಿ ಒಂಬತ್ತು ಬಾಯಿ. ಅಳಿಲುಗಳು ಹುಣಸೆ ಮರ ಬಿಟ್ಟುಕೊಟ್ಟವು. ಮುಂಗುಸಿಗಳು ನೀರಿನ ಜಿನುಗು ಇರುವ ಬಂಡೆಸಂದಿ ಬಿಟ್ಟುಕೊಟ್ಟವು. ತಿಪ್ಪಯ್ಯ ಇದನ್ನೆಲ್ಲ ನೋಡಿ, ಮುಂದಾಲೋಚನೆ ಇಲ್ಲದವರ ಗತಿ ಹೀಗೇ ಎಂದು ಹೆಂಡತಿಗೆ ಹೇಳಿದ. ಅವನ ಬಿಲದಲ್ಲಿ ಆಗ ಇನ್ನೂ ಹದಿನೈದು ಗೆಡ್ಡೆಗಳಿದ್ದವು.

ಒಂದು ಮಧ್ಯಾಹ್ನ ಪಾಪಮ್ಮ ಬಿಲದ ಬಾಯಿಗೆ ಬಂದಳು. ಅವಳ ಹಿಂದೆ ಮೂರೇ ಮರಿಗಳಿದ್ದವು. ಬಿಟ್ಟುಕೊಡಲು ಅವಳ ಹತ್ತಿರ ಬಯಲೂ ಇಲ್ಲ, ಮರವೂ ಇಲ್ಲ. ಆದ್ದರಿಂದ ನೆತ್ತಿಯಲ್ಲಿ ಅವಳಿಗೆ ಏನೂ ಸಿಕ್ಕಿರಲಿಲ್ಲ.

"ತಿಪ್ಪಯ್ಯಣ್ಣ, ಒಂದು ಗೆಡ್ಡೆಯ ಸಿಪ್ಪೆ ಇದ್ದರೂ ಸಾಕು," ಎಂದಳು.

ಸಿಪ್ಪೆ ಇತ್ತು. ಗೆಡ್ಡೆಯೂ ಇತ್ತು. ತಿಪ್ಪಯ್ಯನಿಗೆ ಕೊಡಲು ಮನಸ್ಸು ಬರಲಿಲ್ಲ ಎಂದಲ್ಲ. ಇವತ್ತು ಕೊಟ್ಟರೆ ಸಭೆಯಲ್ಲಿ ತಾನು ಆಡಿದ ಮಾತಿಗೆ ಏನು ಬೆಲೆ ಉಳಿಯುತ್ತದೆ ಎಂದು ಅನಿಸಿತು. ಕೆಳಗಿನ ಹಳ್ಳದ ದಂಡೆಯಲ್ಲಿ ಮಣ್ಣು ಸಡಿಲವಾಗಿದೆ, ಅಲ್ಲಿ ಕೆದಕಿ ನೋಡು, ಗೆದ್ದಲು ಸಿಕ್ಕೀತು ಎಂದು ಹೇಳಿದ. ಬುದ್ಧಿಮಾತು ಹೇಳಿದೆ ಎಂದುಕೊಂಡ. ಪಾಪಮ್ಮ ಮರಿಗಳನ್ನು ಕರೆದುಕೊಂಡು ಬಿಸಿಲಿಗೆ ಇಳಿದಳು.

ಕಾಟವ್ವ ಸಿಪ್ಪೆ ಹಿಡಿದುಕೊಂಡು ಹಿಂದೆಯೇ ಓಡಿದಳು. ಸಿಗಲಿಲ್ಲ. ನಾಲ್ಕು ದಿನದ ಮೇಲೆ ತಿಪ್ಪಯ್ಯ ಹಳ್ಳದ ದಂಡೆಗೆ ಹೋದಾಗ ಒಣ ಮರಳಿನ ಮೇಲೆ ಕಂದು ಚುಕ್ಕೆಯ ಗರಿಗಳು ಬಿದ್ದಿದ್ದವು. ದೊಡ್ಡವೂ ಇದ್ದವು, ಹೆಬ್ಬೆರಳಿನಷ್ಟು ಚಿಕ್ಕವೂ ಇದ್ದವು. ಕಾಡುಬೆಕ್ಕು ಹಿಡಿದಿರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಮನೆಗೆ ಬಂದು ಈ ವಿಷಯ ಹೇಳಲಿಲ್ಲ. ಅಂದಿನಿಂದ ಎಲಚಿ ಪೊದೆಯ ದಾರಿ ಬಿಟ್ಟು ಸುತ್ತಿಕೊಂಡು ಹೋಗತೊಡಗಿದ.

ಬೇಸಿಗೆ ಇನ್ನೂ ಅರ್ಧ ಉಳಿದಿತ್ತು. ಬಿಲದ ಗೆಡ್ಡೆಗಳು ಮುಗಿಯುತ್ತಾ ಬಂದಾಗ ತಿಪ್ಪಯ್ಯ ಇಳಿಜಾರಿನ ಮೇಲ್ತುದಿಯಲ್ಲಿ ಒಂದು ಬಂಡೆಯ ಕೆಳಗೆ ಅಗೆಯಲು ಶುರುಮಾಡಿದ. ಅಲ್ಲೊಂದು ಹಳೆಯ ಬಳ್ಳಿ ಇಳಿದಿತ್ತು. ಮೂರು ದಿನ ಅಗೆದ. ಮೂರನೆಯ ದಿನ ಸಂಜೆ ಅಡಿಯ ಮಣ್ಣು ಕುಸಿದು ಬಂಡೆ ಒಂದು ಗೇಣು ಜಾರಿತು. ಅಷ್ಟೇ. ಅವನ ಬಲಗೈ ಅದರ ಕೆಳಗೆ ಸಿಕ್ಕಿಹಾಕಿಕೊಂಡಿತ್ತು.

ಕಾಟವ್ವ ಮಣ್ಣು ಬಗೆದು ಅವನನ್ನು ಬಿಡಿಸುವ ಹೊತ್ತಿಗೆ ಕೈ ಜಜ್ಜಿಹೋಗಿತ್ತು. ಅಗೆಯುವವನಿಗೆ ಕೈ ಹೋದರೆ ಇನ್ನೇನು ಉಳಿಯಿತು? ಕಾಟವ್ವ ಒಬ್ಬಳೇ ಅಗೆದು ನೋಡಿದಳು. ಗಟ್ಟಿ ನೆಲದಲ್ಲಿ ದಿನಕ್ಕೆ ಎರಡು ಬೆರಳಿನಷ್ಟು ಬೇರು ಸಿಕ್ಕರೆ ಹೆಚ್ಚು. ಚಿಕ್ಕ ಮರಿ ಮೊದಲು ಆಟ ಬಿಟ್ಟಿತು, ಆಮೇಲೆ ಅಳುವುದನ್ನೂ ಬಿಟ್ಟಿತು. ಮರಿ ಅಳುವುದನ್ನು ಬಿಟ್ಟಾಗ ತಾಯಿಗೆ ಎಷ್ಟು ಭಯವಾಗುತ್ತದೆ ಎಂದು ನಿಮ್ಮ ಅಮ್ಮನನ್ನು ಕೇಳಿ, ಹೇಳುತ್ತಾಳೆ.

ತಿಪ್ಪಯ್ಯ ಮೂರು ಕಾಲಿನಲ್ಲಿ ಕುಂಟುತ್ತಾ ಪಾಲಿನ ಗವಿಗೆ ಹೋದ. ಖಾಲಿ ಎಂದು ಗೊತ್ತಿತ್ತು. ಆದರೂ ಹೋದ. ಸಿದ್ದಜ್ಜ ಬಾಗಿಲಲ್ಲೇ ಕೂತಿದ್ದ. ಅವನೂ ಸೊರಗಿ ಚಿಪ್ಪಿನೊಳಗೆ ಸಡಿಲವಾಗಿ ಅಲ್ಲಾಡುತ್ತಿದ್ದ. ತಿಪ್ಪಯ್ಯ ಜಜ್ಜಿದ ಕೈಯನ್ನು ಮುಂದೆ ಚಾಚಿ ನಿಂತ. ಅಜ್ಜ ಅವನನ್ನು ಬೈದಿದ್ದರೆ ಅವನಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ. ಅಜ್ಜ ಬೈಯಲಿಲ್ಲ. ಪಕ್ಕಕ್ಕೆ ಸರಿದು ಗವಿಯ ಒಳಗನ್ನು ತೋರಿಸಿದ. ಗೋಡೆಯ ಬುಡದಲ್ಲಿ ಹಳೆಯ ಹೊಟ್ಟು ಸ್ವಲ್ಪ ಇತ್ತು. ಗಾಳಿ ಬಂದು ಅದೂ ಚದುರಿತು.

"ಇದ್ದಿದ್ದರೆ ಕೊಡುತ್ತಿದ್ದೆ ತಿಪ್ಪಯ್ಯ," ಎಂದ ಅಜ್ಜ. "ನೀನು ಏನು ಹೇಳಿದ್ದೆ ಅಂತ ಕೇಳುತ್ತಿರಲಿಲ್ಲ."

ಅಲ್ಲಿಂದ ಅವನು ನೆತ್ತಿಗೆ ಹತ್ತಿದ. ಕುಂಟುತ್ತಾ ಹತ್ತಲು ಇಡೀ ದಿನ ಹಿಡಿಯಿತು. ಭರಮಪ್ಪನ ಗುಹೆಯನ್ನು ಅವನು ನೋಡಿದ್ದು ಅದೇ ಮೊದಲು. ಒಳಗೆ ಬಿದಿರಕ್ಕಿ ಅವನ ತಲೆಗಿಂತ ಎತ್ತರಕ್ಕೆ ರಾಶಿ ಬಿದ್ದಿತ್ತು. ಅದರ ಪಕ್ಕ ಹುಲ್ಲುಬೀಜದ ರಾಶಿ, ಹುಣಸೆಬೀಜದ ರಾಶಿ, ಒಣ ಹಿಪ್ಪೆಹೂವಿನ ರಾಶಿ. ಕೆಳಗಿನ ಪದರಕ್ಕೆ ಬೂಷ್ಟು ಹಿಡಿದು ಹುಳಿ ವಾಸನೆ ಹೊಡೆಯುತ್ತಿತ್ತು. ತಿಪ್ಪಯ್ಯ ಬಾಗಿಲಲ್ಲಿ ನಿಂತು ಆ ಬೂಷ್ಟನ್ನೇ ನೋಡಿದ. ಅಷ್ಟಿದ್ದಿದ್ದರೆ ಸಾಕಿತ್ತು. ಪಾಪಮ್ಮ, ಅವಳ ಐದು ಮರಿಗಳು, ತನ್ನ ಚಿಕ್ಕದು, ಎಲ್ಲರಿಗೂ ಮಳೆ ಬರುವವರೆಗೆ ಅಷ್ಟೇ ಸಾಕಿತ್ತು.

ಭರಮಪ್ಪ ಮರ್ಯಾದೆಯಿಂದಲೇ ಮಾತಾಡಿದ. ಕೈಗೆ ಹೀಗಾಯಿತಲ್ಲ ಎಂದು ಮರುಗಿದ. ಆಮೇಲೆ ಕೆಮ್ಮಣ್ಣಿನ ಇಳಿಜಾರಿನ ಮಾತೆತ್ತಿದ. ಇಳಿಜಾರು, ಚಪ್ಪಟೆ ಬಂಡೆಯ ಬಿಲ, ಎರಡನ್ನೂ ಬಿಟ್ಟುಕೊಡಬೇಕು. ಕಾಟವ್ವ ಅಗೆದದ್ದೆಲ್ಲ ನೆತ್ತಿಗೆ ಬರಬೇಕು. ತಿಪ್ಪಯ್ಯನ ಕೈ ಕೂಡಿಕೊಂಡ ಮೇಲೆ ಅವನೂ ಅಗೆಯಬೇಕು. ಮನೆಗೆ ದಿನಕ್ಕೆ ಎರಡು ಹಿಡಿ.

"ನನ್ನ ಮಾತಿನಿಂದ ನಿಮಗೆ ಇಷ್ಟೆಲ್ಲ ಉಳಿಯಿತು ಯಜಮಾನರೇ," ಎಂದ ತಿಪ್ಪಯ್ಯ.

"ನಿನಗೂ ಉಳಿಯಿತಲ್ಲ," ಎಂದ ಭರಮಪ್ಪ. "ನಾಲ್ಕು ಗೆಡ್ಡೆ."

ಅವನು ಅಣಕಿಸಲು ಹಾಗೆ ಹೇಳಲಿಲ್ಲ. ನಿಜವಾಗಿಯೂ ಅವನಿಗೆ ಅದು ಸರಿಯಾದ ಲೆಕ್ಕವೆಂದೇ ಕಾಣುತ್ತಿತ್ತು. ತಿಪ್ಪಯ್ಯ ತಲೆಯಾಡಿಸಿ ಒಪ್ಪಿದ. ಎರಡು ಹಿಡಿ ಬಿದಿರಕ್ಕಿಯನ್ನು ಎಲೆಯಲ್ಲಿ ಕಟ್ಟಿ ಹಲ್ಲಿನಲ್ಲಿ ಕಚ್ಚಿಕೊಂಡು ಇಳಿದ. ಬೇಗ ಇಳಿಯಬೇಕೆಂದು ಎರಡು ಕಡೆ ಉರುಳಿ ಬಿದ್ದ. ಒಂದು ಕಾಳೂ ಚೆಲ್ಲಲಿಲ್ಲ.

ಬಿಲ ಮುಟ್ಟುವಾಗ ಬೆಳಗಾಗಿತ್ತು. ಕಾಟವ್ವ ಹೊರಗೇ ಕೂತಿದ್ದಳು. ದೊಡ್ಡ ಮರಿ ಅವಳಿಗೆ ಒರಗಿಕೊಂಡಿತ್ತು. ಚಿಕ್ಕದನ್ನು ಅವಳು ಆಗಲೇ ಮಣ್ಣು ಮಾಡಿದ್ದಳು. ಅಗೆದ ಜಾಗದ ಮಣ್ಣು ಇನ್ನೂ ಹಸಿಯಾಗಿತ್ತು. ತಿಪ್ಪಯ್ಯ ಎಲೆಯ ಕಟ್ಟನ್ನು ನೆಲದ ಮೇಲೆ ಇಟ್ಟ. ಅದನ್ನು ಬಿಚ್ಚಲು ಅವನ ಒಂದು ಕೈಯಿಂದ ಆಗಲಿಲ್ಲ. ಕಾಟವ್ವ ಎದ್ದು ಬಂದು ಬಿಚ್ಚಿ, ದೊಡ್ಡದಕ್ಕೆ ತಿನ್ನಿಸಿದಳು. ಗಂಡನ ಕಡೆ ನೋಡಲಿಲ್ಲ.

ಆಮೇಲೆ ತಿಪ್ಪಯ್ಯ ಮಾಡಬೇಕಾದ್ದನ್ನು ಮಾಡಿದ ಮಕ್ಕಳೇ, ಇಲ್ಲವೆನ್ನುವಂತಿಲ್ಲ. ಮನೆ ಮನೆಗೆ ಕುಂಟುತ್ತಾ ಹೋದ. ತಾನು ಆಡಿದ್ದು ತಪ್ಪು, ಗವಿಯನ್ನು ಮತ್ತೆ ತೆರೆಯೋಣ, ಬಸರಿ ಮರದ ಕೆಳಗೆ ಬನ್ನಿ ಎಂದು ಒಬ್ಬೊಬ್ಬರ ಕೈ ಹಿಡಿದು ಕೇಳಿಕೊಂಡ. ಬಂದವರು ಏಳೆಂಟು ಜನ. ಬೋರಯ್ಯ ಬಂದ, ಆದರೆ ಮರದ ಹತ್ತಿರ ಬರದೆ ದೂರದಲ್ಲೇ ನಿಂತ. ನಾಳೆ ನೆತ್ತಿಯಲ್ಲಿ ಹಿಡಿ ಸಿಗದಿದ್ದರೆ ಏನು ಗತಿ ಎಂದು ಅವನಿಗೆ ಭಯ. ಅಳಿಲುಗಳು ಕೊಡಲು ತಮ್ಮ ಹತ್ತಿರ ಏನಿದೆ ಎಂದು ಕೇಳಿದವು. ನಿಜವೇ. ಹುಣಸೆ ಮರ ಅವುಗಳದಲ್ಲ, ಹುಲ್ಲಿನ ಬಯಲು ಮೊಲಗಳದಲ್ಲ, ಇಳಿಜಾರು ತಿಪ್ಪಯ್ಯನದಲ್ಲ. ಹತ್ತರಲ್ಲಿ ಒಂದು ಕೊಡಲು ಯಾರ ಹತ್ತಿರವೂ ಹತ್ತು ಇರಲಿಲ್ಲ. ನೂರರಲ್ಲಿ ಮೂವತ್ತು ಕೊಡಬಲ್ಲವನು ಒಬ್ಬನೇ. ಅವನು ಆ ದಿನ ಬರಲಿಲ್ಲ. ಬರಬೇಕೆಂದು ಹೇಳುವವರೂ ಇರಲಿಲ್ಲ.

ಭರಮಪ್ಪನ ಹತ್ತಿರ ಎಲ್ಲರೂ ಒಟ್ಟಾಗಿ ಹೋಗಿ ಕೇಳೋಣವೇ ಎಂದು ತಿಪ್ಪಯ್ಯ ಅಂದ. ಎಲ್ಲರೂ ಸಿದ್ದಜ್ಜ ಏನಾದರೂ ಹೇಳುತ್ತಾನೆಂದು ಅವನತ್ತ ತಿರುಗಿದರು. ಅಜ್ಜ ಸಭೆಗೆ ಬರುವ ದಾರಿಯಲ್ಲೇ ಒಂದು ಕಲ್ಲಿನ ನೆರಳಿನಲ್ಲಿ ನಿಂತಿದ್ದ. ಕತ್ತು ಒಳಗೆ ಎಳೆದುಕೊಂಡಿದ್ದ. ಕರೆದರೂ ಹೊರಗೆ ಚಾಚಲಿಲ್ಲ. ಬೋರಯ್ಯ ಹತ್ತಿರ ಹೋಗಿ ಚಿಪ್ಪನ್ನು ತಟ್ಟಿ ನೋಡಿ ಹಿಂದಕ್ಕೆ ಬಂದ. ಅಜ್ಜ ಇನ್ನಿಲ್ಲವೆಂದು ಆಗ ಎಲ್ಲರಿಗೂ ತಿಳಿಯಿತು.

ಆ ವರ್ಷವೂ ಮಳೆ ಬಂತು. ಚೆನ್ನಾಗಿಯೇ ಬಂತು. ಇಳಿಜಾರಿನ ತುಂಬಾ ಗೆಣಸಿನ ಬಳ್ಳಿ ಹಬ್ಬಿತು, ಬಯಲಿನಲ್ಲಿ ಮೊಲ ಮುಳುಗುವಷ್ಟು ಹುಲ್ಲು ಎದ್ದಿತು. ಅದನ್ನು ನೋಡಿ ಯಾರೂ ಕುಣಿಯಲಿಲ್ಲ. ಯಾವುದೂ ಅವರದಾಗಿರಲಿಲ್ಲ.

ಸುಗ್ಗಿಯ ಹೊತ್ತಿಗೆ ಕರಡಿಯ ಗುಹೆಯಲ್ಲಿ ಜಾಗ ಸಾಲದಾಯಿತು. ಗುಡ್ಡದ ನಡುವಿನ ಗವಿ ಖಾಲಿ ಬಿದ್ದಿದೆಯಲ್ಲ, ಅದನ್ನೇ ದೊಡ್ಡದು ಮಾಡಿಸಿದರಾಯಿತು ಎಂದು ಭರಮಪ್ಪ ಹೇಳಿಕಳಿಸಿದ. ಅಗೆಯುವ ಕೆಲಸ ತಿಪ್ಪಯ್ಯನ ಮನೆಗೆ ಬಂತು. ಅವನ ಕೈ ಸೊಟ್ಟಗೆ ಕೂಡಿಕೊಂಡಿತ್ತು. ಎಡಗೈಯಿಂದ ಗವಿಯ ಬಾಯನ್ನು ಅಗಲ ಮಾಡುತ್ತಿದ್ದ. ಕಾಟವ್ವ ಮಣ್ಣು ಎಳೆದು ಹಾಕುತ್ತಿದ್ದಳು. ಚಿಕ್ಕದು ಹೋದ ದಿನದಿಂದ ಅವಳು ಅವನೊಂದಿಗೆ ಮಾತು ಬಿಟ್ಟಿದ್ದಳು. ಅಂದು ಮೊದಲ ಸಲ ಮಾತಾಡಿದಳು.

"ನಮ್ಮ ಚಿಕ್ಕದಕ್ಕೆ ಇಲ್ಲಿಂದ ಒಂದೇ ಒಂದು ಹಿಡಿ ಸಾಕಾಗಿತ್ತು," ಎಂದಳು. "ನೀವು ಬರುವವರೆಗೆ ಇರುತ್ತಿತ್ತು."

ಹೊತ್ತು ಮುಳುಗುವ ಮೊದಲು ಇನ್ನೂ ಮೂರು ಮೊಳ ಅಗೆಯಬೇಕಿತ್ತು. ಅಗೆಯದಿದ್ದರೆ ಆ ದಿನದ ಹಿಡಿ ಇಲ್ಲ. ತಿಪ್ಪಯ್ಯ ಮತ್ತೆ ಗೋಡೆಯ ಕಡೆ ತಿರುಗಿ ಅಗೆಯತೊಡಗಿದ.

ನೀತಿ: ತನಗಿಂತ ಬಡವನ ಕೈಯ ತುತ್ತನ್ನು ಕಂಡು ಕರುಬುವವನಿಗೆ ಸಿರಿವಂತನ ಮನೆಯ ರಾಶಿ ಕಾಣುವುದಿಲ್ಲ, ಎಲ್ಲರೂ ಪಾಲು ಹಾಕಿ ಕಟ್ಟಿದ ಆಸರೆಯನ್ನು ಒಡೆಯಲು ಒಂದು ದಿನ ಸಾಕು, ಅದು ಬೇಕಾದ ದಿನ ಮತ್ತೆ ಕಟ್ಟಲು ಯಾರ ಕೈಯಲ್ಲೂ ಏನೂ ಉಳಿದಿರುವುದಿಲ್ಲ.